ಹನಿ ನಿಲ್ಲಿಸುವ ಮೊದಲು

ಮೂರು ತಿಂಗಳು ಹನಿ ಹಾಕಿದರೂ ಅಪ್ಪನ ದೃಷ್ಟಿ ಸುಧಾರಿಸಿಲ್ಲ, ಗ್ಲಾಕೋಮಾ (ಕಣ್ಣಿನ ನರ ಸವೆಯುವ ಕಾಯಿಲೆ) ಔಷಧಿ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಹನಿ ಹಾಕಿದರೂ ದೃಷ್ಟಿ ಸುಧಾರಿಸಿಲ್ಲ ಅಂತ ನಮ್ಮ ಅಮ್ಮನೂ ಹೇಳುತ್ತಿದ್ದರು.

ಕಣ್ಣಿನಿಂದ ಮೆದುಳಿಗೆ ಹೋಗುವ ನರ ಒಮ್ಮೆ ಹಾಳಾದರೆ ಮತ್ತೆ ಚಿಗುರುವುದಿಲ್ಲ. ಹನಿಯ ಕೆಲಸ ಕಣ್ಣಿನ ಒತ್ತಡ ಇಳಿಸಿ, ಉಳಿದ ನರವನ್ನು ಕಾಪಾಡುವುದು ಅಷ್ಟೇ. ಹಾಗಾಗಿ ‘ಏನೂ ಬದಲಾಗಿಲ್ಲ’ ಅಂದರೆ ಇಲ್ಲಿ ಒಳ್ಳೆಯ ಸುದ್ದಿಯೇ ಇರಬಹುದು! ಅದು ಗೊತ್ತಾಗುವುದು ಒತ್ತಡದ ಅಳತೆ ಮತ್ತು ಫೀಲ್ಡ್ ಟೆಸ್ಟ್‌ನಿಂದ (ಸುತ್ತಲೂ ಎಷ್ಟು ದೂರದವರೆಗೆ ಕಾಣುತ್ತದೆ ಅಂತ ನೋಡುವ ಪರೀಕ್ಷೆ). ಸಾಮಾನ್ಯವಾಗಿ ಒತ್ತಡ 10ರಿಂದ 21 mmHg (ಒತ್ತಡ ಅಳೆಯುವ ಮಾನ) ಒಳಗೆ ಇರುತ್ತದೆ. ಆದರೆ ಅಷ್ಟಿದ್ದರೂ ಕೆಲವರಿಗೆ ನರ ಸವೆಯುತ್ತದೆ. ಅಪ್ಪನಿಗೆ ಎಷ್ಟಕ್ಕೆ ಇಳಿಯಬೇಕು ಅಂತ ಡಾಕ್ಟರನ್ನೇ ಕೇಳಿ.

ಇನ್ನೊಂದು, ಅವರು ಹನಿ ಹಾಕಿಕೊಳ್ಳುವುದನ್ನು ಒಮ್ಮೆ ಪಕ್ಕದಲ್ಲಿ ಕೂತು ನೋಡಿ. ನಮ್ಮಮ್ಮನದು ಅರ್ಧ ಕೆನ್ನೆಗೇ ಹೋಗುತ್ತಿತ್ತು! ಕೆಳರೆಪ್ಪೆ ಎಳೆದು ಒಂದೇ ಹನಿ ಹಾಕಿದರೆ ಸಾಕು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ.

ಅವರಿಗೆ ಉಬ್ಬಸ ಇದ್ದರೆ ಮರೆಯದೆ ಡಾಕ್ಟರಿಗೆ ಹೇಳಿ. ಟಿಮೋಲಾಲ್ ಅನ್ನುವ ಹನಿ ಅಂಥವರಿಗೆ ಆಗುವುದಿಲ್ಲ. ಸ್ಟೀರಾಯ್ಡ್ ಹನಿಯನ್ನಂತೂ ಸುಮ್ನೆ ಮೆಡಿಕಲ್ ಶಾಪಿಂದ ತಂದು ಹಾಕಬೇಡಿ, ಕಣ್ಣಿನ ಒತ್ತಡ ಏರಬಹುದು.

ಹನಿಯಿಂದ ಉರಿ, ಖರ್ಚು ಜಾಸ್ತಿ ಅಂತಿದ್ದರೆ ಅದನ್ನೂ ಹೇಳಿ. ಬೇರೆ ಹನಿ ಅಥವಾ ಲೇಸರ್ ಆಗುತ್ತದಾ ಅಂತ ನೋಡುತ್ತಾರೆ.

ಅಂದಹಾಗೆ, ನೀವೂ ನಿಮ್ಮ ಒಡಹುಟ್ಟಿದವರೂ ಕಣ್ಣು ತೋರಿಸಿಕೊಂಡಿದ್ದೀರಾ? ಇದು ಮನೆತನದಲ್ಲಿ ಬರುವುದುಂಟು.