ಅಮ್ಮನ ಬೆನ್ನಿಗೆ ಟೈಟಾನಿಯಂ ಕೇಜೋ, ಪೀಕ್ ಕೇಜೋ?

ನಿಮ್ಮ ಅಮ್ಮನಿಗೆ 57 ವರ್ಷ, ಬೆನ್ನುಮೂಳೆಯ ಸೊಂಟದ ಭಾಗದಲ್ಲಿ ನಾಲ್ಕನೇ ಮಣಿ (ಎಲ್4) ಐದನೆಯದರ (ಎಲ್5) ಮೇಲೆ ಮುಂದಕ್ಕೆ ಜಾರಿದೆ, ನೂರು ಹೆಜ್ಜೆ ನಡೆದರೆ ಕಾಲು ಜೋಮು ಹಿಡಿಯುತ್ತದೆ ಅಂತ ಬರೆದಿದ್ದೀರಿ. ಎರಡು ಮಣಿಗಳ ನಡುವೆ ಕೂರಿಸುವ ಕೇಜಿಗೆ ಒಬ್ಬ ಡಾಕ್ಟರ್ ತ್ರೀಡಿ ಪ್ರಿಂಟ್ ಮಾಡಿದ ಟೈಟಾನಿಯಂ ಹಾಕೋಣ ಅಂದರು, ಇನ್ನೊಬ್ಬರು ಪೀಕ್ ಅನ್ನೋ ಪ್ಲಾಸ್ಟಿಕ್ ಸಾಕು ಅಂದರು, ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದೆ. ಹೊಸ ಕೇಜಿನಲ್ಲಿ ಮೂಳೆ ತಾನಾಗಿ ಬೆಳೆಯುತ್ತದೆ ಅನ್ನೋದು ನಿಜವಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ. ಕೋಲಾರದಲ್ಲಿ ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. 16 ವರ್ಷದಿಂದ ಸ್ಕ್ರೂ, ರಾಡ್, ಕೇಜ್ ಎಣಿಸಿ ಸರ್ಜನ್ ಕೈಗೆ ಕೊಡುತ್ತಿದ್ದೇನೆ. ಯಾವುದು ಹಾಕಬೇಕು ಅಂತ ಹೇಳುವುದು ಅವರ ಕೆಲಸ. ಅವರು ಹೇಳಿದ್ದು ನಿಮಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಬಲ್ಲೆ, ಅಷ್ಟೇ.

ನಮ್ಮೂರು ಶ್ರೀನಿವಾಸಪುರದ ಕಡೆ. ಮಾವಿನ ಕಸಿ ಕಟ್ಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಸಸಿಯನ್ನೂ ಕಡ್ಡಿಯನ್ನೂ ಓರೆಯಾಗಿ ಸೀಳಿ, ಹಸಿ ಮೈಗೆ ಹಸಿ ಮೈ ತಾಗಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಗಾಳಿಗೆ ಅಲುಗಾಡಿದರೆ ಕಸಿ ಹಿಡಿಯಲ್ಲ. ಎರಡು ಮಣಿಗಳು ಒಂದೇ ಮೂಳೆಯಾಗಿ ಕೂಡುವ ಹಾಗೆ ಮಾಡುವ ಬೆನ್ನಿನ ಫ್ಯೂಷನ್ ಆಪರೇಷನ್ನೂ ಹೀಗೇ. ಆ ಮಣಿಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ತೆಗೆದು, ಮೂಳೆಯ ಮೈಯನ್ನು ಸಣ್ಣಗೆ ರಕ್ತ ಜಿನುಗುವವರೆಗೆ ಕೆರೆದು, ನಡುವೆ ಮೂಳೆಪುಡಿ ತುಂಬುತ್ತಾರೆ. ಡಿಸ್ಕ್ ಇದ್ದ ಜಾಗ ಕುಸಿಯದ ಹಾಗೆ ಎತ್ತಿ ಹಿಡಿಯುವುದು ಕೇಜ್. ಅಲುಗಾಡದ ಹಾಗೆ ಬಿಗಿಯುವುದು ಸ್ಕ್ರೂ, ರಾಡು. ಅವು ನಮ್ಮ ಪ್ಲಾಸ್ಟಿಕ್ ಪಟ್ಟಿ ಇದ್ದ ಹಾಗೆ. ಹಿಡಿಯಬೇಕಾದದ್ದು ಮಾತ್ರ ಮೂಳೆಯೇ.

1911ರಲ್ಲಿ ನ್ಯೂಯಾರ್ಕಿನಲ್ಲಿ ಆಲ್ಬಿ ಮತ್ತು ಹಿಬ್ಸ್ ಎಂಬ ಇಬ್ಬರು ಸರ್ಜನ್‌ಗಳು ಬೇರೆ ಬೇರೆಯಾಗಿ ಇದನ್ನು ಶುರು ಮಾಡಿದಾಗ ಲೋಹವೇ ಇರಲಿಲ್ಲ. ಬೆನ್ನುಮೂಳೆಗೆ ಟಿ.ಬಿ. ತಗುಲಿದವರಿಗೆ ಮಾಡುತ್ತಿದ್ದರು. ಆಲ್ಬಿ ಮೊಣಕಾಲಿನ ಕೆಳಗಿನ ಮೂಳೆಯಿಂದ ಒಂದು ಪಟ್ಟಿ ತೆಗೆದು ಬೆನ್ನಿಗೆ ಕೂರಿಸುತ್ತಿದ್ದರು. ಪಾಪ, ರೋಗಿ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಮಣಿಯ ಹಿಂಭಾಗದಿಂದ ಒಳಕ್ಕೆ ಸ್ಕ್ರೂ ಹಾಕುವುದು 1963ರ ಹೊತ್ತಿಗೆ ಫ್ರಾನ್ಸಿನ ರಾಯ್-ಕಮೀ ಅವರಿಂದ ಬಂತು. ಕೇಜ್ ಬಂದದ್ದು ಕುದುರೆಯಿಂದ! ಕತ್ತಿನ ಮಣಿ ನರವನ್ನು ಒತ್ತಿ ತೂರಾಡುವ ಕುದುರೆಗಳಿಗೆ ಅಮೆರಿಕದ ಡಾ. ಬ್ಯಾಗ್ಬಿ ತೂತುಗಳಿರುವ ಒಂದು ಉಕ್ಕಿನ ಬುಟ್ಟಿ ಮಾಡಿದರು. ಅದರೊಳಗೆ ಆ ಕುದುರೆಯದ್ದೇ ಮೂಳೆಪುಡಿ ತುಂಬಿ ಮಣಿಗಳ ನಡುವೆ ಕೂರಿಸಿದರು. ಅದೇ ಯೋಚನೆ ಬೆಳೆದು 1996ರಲ್ಲಿ ಮನುಷ್ಯರಿಗೆ ಹಾಕುವ ಕೇಜಿಗೆ ಅಲ್ಲಿ ಒಪ್ಪಿಗೆ ಸಿಕ್ಕಿತು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಪೀಕ್ ಅಂದರೆ ಒಂದು ಗಟ್ಟಿ ಪ್ಲಾಸ್ಟಿಕ್. ಅದರಲ್ಲಿ ಎರಡು ಒಳ್ಳೆಯ ಗುಣಗಳಿವೆ. ಎಕ್ಸ್‌ರೇಯಲ್ಲಿ ಅಡ್ಡ ಬರಲ್ಲ, ಹಾಗಾಗಿ ಒಳಗೆ ಮೂಳೆ ಕೂಡಿದೆಯಾ ಅಂತ ಚೆನ್ನಾಗಿ ಕಾಣುತ್ತದೆ. ಲೋಹದಷ್ಟು ಬಿರುಸೂ ಅಲ್ಲ. ಗಟ್ಟಿ ಟೈಟಾನಿಯಂ ನಮ್ಮ ಮೂಳೆಯ ಹೊರಪದರಕ್ಕಿಂತ ಐದಾರು ಪಟ್ಟು ಬಿರುಸು. ಅಷ್ಟು ಬಿರುಸಾದ ವಸ್ತು ಮೆತ್ತಗಿನ ಮೂಳೆಯ ಮೇಲೆ ಕೂತರೆ ನಿಧಾನವಾಗಿ ಒಳಕ್ಕೆ ಇಳಿಯಬಹುದು. ಇನ್ನೊಂದು ವಿಷಯ. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆಗೆ ಕೆಲಸ ಇರಲ್ಲ, ಅದು ಸೊರಗುತ್ತದೆ. ಮೂಳೆ ತನ್ನ ಮೇಲಿನ ಭಾರಕ್ಕೆ ತಕ್ಕ ಹಾಗೆ ಬೆಳೆಯುತ್ತದೆ ಅಂತ ಜರ್ಮನಿಯ ವೂಲ್ಫ್ 1892ರಲ್ಲೇ ಬರೆದಿದ್ದರು. ಆದರೆ ಪೀಕಿನ ಕೊರತೆ ಏನು ಅಂದರೆ, ಮೂಳೆ ಅದಕ್ಕೆ ಅಂಟಲ್ಲ. ನಡುವೆ ತೆಳುವಾದ ನಾರಿನ ಪದರ ಕಟ್ಟಿಕೊಳ್ಳುವುದುಂಟು.

ಟೈಟಾನಿಯಂ ಹಾಗಲ್ಲ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಮೊಲದ ಕಾಲುಮೂಳೆಯಲ್ಲಿ ಟೈಟಾನಿಯಂ ಉಪಕರಣ ಇಟ್ಟು ರಕ್ತ ಹರಿಯುವುದನ್ನು ನೋಡುತ್ತಿದ್ದರು. ಕೊನೆಗೆ ಅದನ್ನು ತೆಗೆಯಲು ಹೋದರೆ ಬರಲೇ ಇಲ್ಲ. ಮೂಳೆ ಅದನ್ನು ಕಚ್ಚಿ ಹಿಡಿದಿತ್ತು. ಇವತ್ತು ಊರೂರಲ್ಲಿ ಹಾಕುವ ಹಲ್ಲಿನ ಇಂಪ್ಲಾಂಟ್ ಅಲ್ಲಿಂದಲೇ ಬಂದದ್ದು.

ತ್ರೀಡಿ ಪ್ರಿಂಟ್ ಕೇಜಿನಲ್ಲಿ ಇವೆರಡರ ಒಳ್ಳೆಯದನ್ನು ಕೂಡಿಸಲು ನೋಡಿದ್ದಾರೆ. ಟೈಟಾನಿಯಂ ಪುಡಿಯನ್ನು ಲೇಸರ್ ಅಥವಾ ಎಲೆಕ್ಟ್ರಾನ್ ಕಿರಣದಿಂದ ಪದರ ಪದರವಾಗಿ ಕರಗಿಸಿ ಕಟ್ಟುತ್ತಾರೆ. ಒಳಗೆಲ್ಲ ಸ್ಪಂಜಿನ ಹಾಗೆ ತೂತು. ಒಂದೊಂದು ತೂತು ಸುಮಾರು ಅರ್ಧ ಮಿಲಿಮೀಟರ್. ಅಷ್ಟು ಜಾಗ ಇದ್ದರೆ ರಕ್ತನಾಳ ನುಗ್ಗುತ್ತದೆ, ಅದರ ಹಿಂದೆಯೇ ಮೂಳೆ ಬರುತ್ತದೆ. ತೂತು ಜಾಸ್ತಿ ಇರುವುದರಿಂದ ಲೋಹದ ಬಿರುಸೂ ಇಳಿಯುತ್ತದೆ. ಮೊದಲ ಸಲ ಇಂಥ ಕೇಜಿನ ಪ್ಯಾಕೆಟ್ ಬಿಚ್ಚಿದ್ದು ನನಗೆ ಇನ್ನೂ ನೆನಪಿದೆ. ಪೀಕ್ ಕೇಜು ಗ್ಲೌಸಿನಲ್ಲಿ ಜಾರುತ್ತದೆ. ಇದು ಆಗಷ್ಟೇ ಮುಳ್ಳು ಹೊಡೆಸಿದ ಒರಳುಕಲ್ಲಿನ ಮೈ ಹಾಗಿತ್ತು. ಗಾಜ್ ಬಟ್ಟೆಯ ಮೇಲೆ ಇಟ್ಟು ಎತ್ತಿದರೆ ಎಳೆಗಳೇ ಸಿಕ್ಕಿಕೊಂಡು ಮೇಲೆ ಬಂದವು. ಆವತ್ತಿನಿಂದ ಅದನ್ನು ಬಟ್ಟೆಯ ಮೇಲೆ ಇಡುವುದನ್ನೇ ಬಿಟ್ಟೆ. ಇಷ್ಟು ಕಚ್ಚುವ ಮೈಯನ್ನು ಮೂಳೆ ಯಾಕೆ ಹಿಡಿಯುತ್ತದೆ ಅಂತ ಆಗ ಕೈಗೇ ಗೊತ್ತಾಯಿತು.

ಪೀಕಿಗೆ ಟೈಟಾನಿಯಂ ಲೇಪ ಹಾಕಿದ ಕೇಜುಗಳೂ ಇವೆ. ಮೂಳೆ ಬೆಳೆಸುವ ಔಷಧಿ ಅಂತ ಬಿಎಂಪಿ ಹೆಸರನ್ನೂ ನೀವು ಕೇಳಬಹುದು. 1965ರಲ್ಲಿ ಮಾರ್ಷಲ್ ಯುರಿಸ್ಟ್ ತೋರಿಸಿಕೊಟ್ಟ ಗುಣ ಅದು. 2002ರಲ್ಲಿ ಅಮೆರಿಕದಲ್ಲಿ ಸೊಂಟದ ಆಪರೇಷನ್ನಿಗೆ ಒಪ್ಪಿಗೆ ಸಿಕ್ಕಿತು. ಕತ್ತಿನಲ್ಲಿ ಬಳಸಿದಾಗ ಗಂಟಲು ಊದಿ ತೊಂದರೆಯಾದವು ಅಂತ 2008ರಲ್ಲಿ ಅಲ್ಲಿನ ಸರ್ಕಾರವೇ ಎಚ್ಚರಿಕೆ ಕೊಟ್ಟಿತು. ಡಾಕ್ಟರ್ ಅದರ ಮಾತೆತ್ತಿದರೆ ಯಾಕೆ ಬೇಕು ಅಂತ ಬಿಡಿಸಿ ಕೇಳಿ.

ನನ್ನ ಕಣ್ಣಿಗೆ ಇದಕ್ಕಿಂತ ದೊಡ್ಡದು ನಿಮ್ಮ ಅಮ್ಮನದೇ ಮೂಳೆ. ನರದ ಒತ್ತಡ ಬಿಡಿಸಲು ಹಿಂದಿನಿಂದ ತೆಗೆದ ಮೂಳೆಯನ್ನು ನಾವು ಎಸೆಯಲ್ಲ. ಅಂಟಿದ ಮಾಂಸವನ್ನೆಲ್ಲ ಬಿಡಿಸಿ, ಅಕ್ಕಿನುಚ್ಚಿನಷ್ಟು ಚಿಕ್ಕದಾಗಿ ಕತ್ತರಿಸಿ, ಒಣಗದ ಹಾಗೆ ಒದ್ದೆ ಮಾಡಿ ಇಟ್ಟುಕೊಳ್ಳುತ್ತೇನೆ. ಅದನ್ನೇ ಕೇಜಿನೊಳಗೂ ಸುತ್ತಲೂ ಒತ್ತಿ ತುಂಬುತ್ತಾರೆ. ಜೀವ ಇರುವುದು ಆ ನುಚ್ಚಿನಲ್ಲಿ. ಕೇಜ್ ಯಾವುದೇ ಇರಲಿ, ಈ ಕೆಲಸ ಅವಸರದಲ್ಲಿ ಆಗಬಾರದು.

ಮೂಳೆ ಕೂಡದಿದ್ದರೆ ಏನಾಗುತ್ತದೆ ಅಂತ ಮನೆಯಲ್ಲೇ ನೋಡಿದ್ದೇನೆ. ನಮ್ಮ ಸೋದರಮಾವನಿಗೆ ಬೇರೆ ಊರಿನಲ್ಲಿ ಇದೇ ಆಪರೇಷನ್ ಆಯಿತು. ಒಂದೂವರೆ ವರ್ಷದ ಮೇಲೆ ಒಂದು ಬೆಳಿಗ್ಗೆ ತೋಟದಲ್ಲಿ ಬಗ್ಗಿದಾಗ ಬೆನ್ನೊಳಗೆ ಟಕ್ ಅಂದಿತಂತೆ. ಸ್ಕ್ರೂ ಮುರಿದಿತ್ತು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಇದ್ದರೆ ಮುರಿಯುತ್ತೆ ಅಲ್ವಾ, ಹಾಗೆ. ಮಾವ ದಿನಕ್ಕೆ ಒಂದು ಕಟ್ಟು ಬೀಡಿ ಸೇದುತ್ತಿದ್ದರು. ಬೀಡಿ ಬಿಡಿ ಅಂತ ಅಲ್ಲಿ ಹೇಳಿದ್ದರು, ನಿಜ. ಅದು ಎಲ್ಲರಿಗೂ ಹೇಳುವ ಮಾತು ಅಂದುಕೊಂಡರು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕಿರಿದು ಮಾಡುತ್ತದೆ, ಹೊಸ ಮೂಳೆಗೆ ರಕ್ತ ಸಿಗಲ್ಲ, ಕಸಿ ಹಿಡಿಯಲ್ಲ ಅಂತ ಯಾರಾದರೂ ಕೂರಿಸಿ ಹೇಳಿದ್ದರೆ ಅವರು ಬಿಡುತ್ತಿದ್ದರು. ಎರಡನೇ ಆಪರೇಷನ್ನಿಗೆ ಮುಂಚೆ ನಾನೇ ಹೇಳಿದೆ, ಬಿಟ್ಟರು, ಈ ಸಲ ಮೂಳೆ ಕೂಡಿತು. ಮುರಿದ ಸ್ಕ್ರೂ ಅವರ ಮನೆ ಬೀರುವಿನಲ್ಲಿ ಇನ್ನೂ ಇದೆ.

ಹಾಗಾಗಿ ಕೇಜಿನ ಬೆಲೆ ಕೇಳುವ ಮುಂಚೆ ಅಮ್ಮನಿಗೆ ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸುತ್ತೀರಾ ಅಂತ ಡಾಕ್ಟರನ್ನು ಕೇಳಿ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದು ಸಾಮಾನ್ಯ. ಶುಗರ್, ವಿಟಮಿನ್ ಡಿ ನೋಡಿಸಿ. ನೀವು ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನ ಕಡೆಯವರಾಗಿದ್ದು ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದಿದ್ದರೆ ಅದನ್ನೂ ಹೇಳಿ. ಫ್ಲೋರೈಡ್ ಹಿಡಿದ ಮೂಳೆ ಎಕ್ಸ್‌ರೇಯಲ್ಲಿ ದಪ್ಪ ಕಾಣುತ್ತದೆ, ಆದರೆ ಒಳಗೆ ಪೆಡಸು.

ಸಾಲ ಮಾಡಿ ದುಬಾರಿ ಕೇಜ್ ಹಾಕಿಸಬೇಕಾ ಅಂದರೆ, ಬೇಡ ಅಂತಲೇ ಹೇಳುತ್ತೇನೆ. ಎರಡನ್ನೂ ಹೋಲಿಸಿದವರಿಗೆ ಪ್ರಿಂಟ್ ಮಾಡಿದ ಟೈಟಾನಿಯಂ ಒಳಕ್ಕೆ ಇಳಿಯುವುದು ಕಡಿಮೆ ಅಂತ ಕಂಡಿದೆ, ಆದರೆ ನೋವು ಇಳಿಯುವುದರಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಂಡಿಲ್ಲ. ಸ್ಕ್ಯಾನಿನಲ್ಲಿ ಮೂಳೆ ಮೆತ್ತಗಿದೆ ಅಂತ ಬಂದರೆ, ಸರ್ಜನ್ನಿಗೆ ಅದರಲ್ಲಿ ಕೈ ಪಳಗಿದ್ದರೆ, ಆಗ ಹೊಸದಕ್ಕೆ ಕೊಡುವ ದುಡ್ಡಿಗೆ ಅರ್ಥ ಇದೆ.

ಈ ಮಧ್ಯೆ ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ಅಥವಾ ಕೂರುವ ಜಾಗ ಮರಗಟ್ಟಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.

ಇನ್ನೊಂದು. ಅಮ್ಮ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರಾ? ಅದೂ ನಿಕೋಟಿನ್ನೇ. ಡಾಕ್ಟರ್ ಮುಂದೆ, ಮಕ್ಕಳ ಮುಂದೆ ಕೇಳಿದರೆ ಇಲ್ಲ ಅಂತಲೇ ಅನ್ನುತ್ತಾರೆ. ಅವರ ಅಕ್ಕನೋ ತಂಗಿಯೋ ಇದ್ದರೆ ಒಬ್ಬರೇ ಇರುವಾಗ ಮೆಲ್ಲಗೆ ಕೇಳಿಸಿ. ಹೌದು ಅಂದರೆ ಬೈಯಬೇಡಿ, ಯಾಕೆ ಬಿಡಬೇಕು ಅಂತ ಮಾವಿನ ಕಸಿಯ ಲೆಕ್ಕದಲ್ಲಿ ಹೇಳಿ.