ಸಂಖ್ಯಾಶಾಸ್ತ್ರವಿಲ್ಲದ ಮನಃಶಾಸ್ತ್ರ ಪದವಿ ಇದೆಯೇ?

ಮಾನ್ಯ ಓದುಗರೇ,

ಹೆಸರನ್ನು ಪ್ರಕಟಿಸಬಾರದೆಂಬ ಕೋರಿಕೆಯೊಂದಿಗೆ ನೀವು ಬರೆದ ಪತ್ರ ತಲುಪಿದೆ. ಕಾಲೇಜು ಸೇರುವ ಸಿದ್ಧತೆಯಲ್ಲಿರುವ ನೀವು ಮನಃಶಾಸ್ತ್ರದಲ್ಲಿ ಪದವಿ ಪಡೆಯಲು ನಿರ್ಧರಿಸಿದ್ದೀರಿ. ಗೆಳತಿಯರ ಕಷ್ಟಸುಖಗಳನ್ನು ತಾಳ್ಮೆಯಿಂದ ಕೇಳುವ ಗುಣ ನಿಮಗಿದೆ, ಎದುರಿಗಿರುವವರ ಮುಖ ನೋಡಿಯೇ ಅವರ ಮನಸ್ಸಿನಲ್ಲಿರುವುದನ್ನು ಹೇಳಬಲ್ಲಿರೆಂದು ಬಲ್ಲವರು ಮೆಚ್ಚುತ್ತಾರೆ, ಆದರೆ ಗಣಿತವೆಂದರೆ ನಿಮಗೆ ಭಯ. ಈ ಹಿನ್ನೆಲೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿದ್ದೀರಿ: ಪದವಿ ಕೈಸೇರಬೇಕಾದರೆ ಏನೇನನ್ನು ಓದಿ ಮುಗಿಸಬೇಕು, ಸಂಖ್ಯಾಶಾಸ್ತ್ರವನ್ನು ತಪ್ಪಿಸಿಕೊಳ್ಳುವ ದಾರಿ ಇದೆಯೇ, ಪದವಿ ಮುಗಿದ ಕೂಡಲೇ ಆಪ್ತ ಸಮಾಲೋಚನೆಯ ವೃತ್ತಿಯನ್ನು ಆರಂಭಿಸಬಹುದೇ. ಎರಡನೆಯದಕ್ಕೆ ‘ಇಲ್ಲ’ ಎಂದಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ಏಕೆ ಇಲ್ಲ ಎಂಬುದು ತಿಳಿಯದೆ ಉಳಿದೆರಡು ಉತ್ತರಗಳೂ ಸರಿಯಾಗಿ ಅರ್ಥವಾಗುವುದಿಲ್ಲವಾದ್ದರಿಂದ ಈ ಬಾರಿ ಕೊಂಚ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಪದವಿಯ ಚೌಕಟ್ಟು. ಅಮೆರಿಕದಲ್ಲಿ ಪದವಿಗೆ ಸಾಮಾನ್ಯವಾಗಿ ನಾಲ್ಕು ವರ್ಷ, ಓದಿನ ಪ್ರಮಾಣವನ್ನು ಅಳೆಯುವ ಲೆಕ್ಕದಲ್ಲಿ ಸುಮಾರು 120 ಕ್ರೆಡಿಟ್‌ಗಳು. ಅವುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಮಾತ್ರ ಮನಃಶಾಸ್ತ್ರಕ್ಕೆ ಮೀಸಲಾಗಿದ್ದು, ಉಳಿದದ್ದು ಭಾಷೆ, ವಿಜ್ಞಾನ, ಇತಿಹಾಸ, ಗಣಿತ ಮುಂತಾದ ಸಾಮಾನ್ಯ ಶಿಕ್ಷಣಕ್ಕೂ ನೀವೇ ಆರಿಸಿಕೊಳ್ಳುವ ಐಚ್ಛಿಕ ವಿಷಯಗಳಿಗೂ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಮೂರು ವರ್ಷ, 360 ಕ್ರೆಡಿಟ್. ಅಲ್ಲಿ ವಿದ್ಯಾರ್ಥಿ ಮೊದಲ ದಿನದಿಂದಲೇ ಬಹುಪಾಲು ಮನಃಶಾಸ್ತ್ರವನ್ನೇ ಓದುತ್ತಾನೆ. ಯುರೋಪಿನ ಹಲವು ದೇಶಗಳಲ್ಲಿ ಮೂರು ವರ್ಷಕ್ಕೆ 180 ಕ್ರೆಡಿಟ್‌ಗಳ ಲೆಕ್ಕವಿದೆ. ಭಾರತದ ಇತ್ತೀಚಿನ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120, ನಾಲ್ಕು ವರ್ಷದ ಆನರ್ಸ್ ಪದವಿಗೆ 160. ಒಂದು ದೇಶದ ಕ್ರೆಡಿಟ್ ಇನ್ನೊಂದು ದೇಶದ ಕ್ರೆಡಿಟ್‌ಗೆ ಸಮವಲ್ಲದ ಕಾರಣ ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಯಾವುದು ಭಾರ, ಯಾವುದು ಹಗುರ ಎಂದು ಅಳೆಯಲು ಹೋಗಬೇಡಿ. ಕ್ರೆಡಿಟ್ ತುಂಬಿದರಷ್ಟೇ ಸಾಲದು, ಮುಖ್ಯ ವಿಷಯಗಳಲ್ಲಿ ನಿಗದಿತ ಕನಿಷ್ಠ ಶ್ರೇಣಿಯನ್ನೂ ಪಡೆದಿರಬೇಕೆಂಬ ನಿಯಮ ಅನೇಕ ವಿಭಾಗಗಳಲ್ಲಿ ಇರುತ್ತದೆ. ಪ್ರವೇಶದ ಉತ್ಸಾಹದಲ್ಲಿ ವಿದ್ಯಾರ್ಥಿಗಳು ಓದದೆ ಬಿಡುವ ಸಾಲು ಇದೇ.

ಚೌಕಟ್ಟು ಬೇರೆಬೇರೆಯಾದರೂ ಒಳಗಿನ ಪಠ್ಯ ಅಚ್ಚರಿಪಡುವಷ್ಟು ಒಂದೇ ರೀತಿ ಇದೆ. ಪ್ರವೇಶಿಕೆಯ ಪಾಠವೊಂದು ಮೊದಲಿಗೆ ಬರುತ್ತದೆ. ಅನಂತರ ಮಿದುಳು ಮತ್ತು ನರಮಂಡಲದ ಕೆಲಸವನ್ನು ತಿಳಿಸುವ ಜೈವಿಕ ಮನಃಶಾಸ್ತ್ರ, ಗಮನ, ನೆನಪು, ಭಾಷೆ, ಆಲೋಚನೆಗಳನ್ನು ಕುರಿತ ಸಂಜ್ಞಾನಾತ್ಮಕ ಮನಃಶಾಸ್ತ್ರ, ಶೈಶವದಿಂದ ಮುಪ್ಪಿನವರೆಗಿನ ಬದಲಾವಣೆಗಳನ್ನು ನೋಡುವ ವಿಕಾಸಾತ್ಮಕ ಮನಃಶಾಸ್ತ್ರ, ಗುಂಪಿನ ನಡುವೆ ವ್ಯಕ್ತಿ ಹೇಗೆ ವರ್ತಿಸುತ್ತಾನೆಂಬುದನ್ನು ಅಭ್ಯಸಿಸುವ ಸಾಮಾಜಿಕ ಮನಃಶಾಸ್ತ್ರ, ವ್ಯಕ್ತಿತ್ವ ಮತ್ತು ಬುದ್ಧಿಶಕ್ತಿಯಲ್ಲಿ ಜನರ ನಡುವೆ ಕಾಣುವ ಭಿನ್ನತೆಗಳ ಅಧ್ಯಯನ, ಮನೋರೋಗಗಳನ್ನು ಕುರಿತ ಪಾಠ, ಕೊನೆಗೆ ಈ ಶಾಸ್ತ್ರದ ಇತಿಹಾಸ. ನೀವು ಪತ್ರದಲ್ಲಿ ಆಸಕ್ತಿಯಿಂದ ಹೆಸರಿಸಿರುವುದು ಮನೋರೋಗಗಳ ಪಾಠವೊಂದನ್ನೇ. ಪಟ್ಟಿಯಲ್ಲಿ ಅದರ ಪಾಲು ಎಷ್ಟು ಚಿಕ್ಕದೆಂಬುದನ್ನು ದಯವಿಟ್ಟು ಗಮನಿಸಿ.

ಈ ಎಲ್ಲ ಶಾಖೆಗಳ ಜೊತೆಯಲ್ಲಿ, ಯಾವ ಗಂಭೀರ ಪಠ್ಯಕ್ರಮದಲ್ಲೂ ಕೈಬಿಡದೆ ಇರಿಸಿರುವ ಎರಡು ವಿಷಯಗಳೆಂದರೆ ಸಂಖ್ಯಾಶಾಸ್ತ್ರ ಮತ್ತು ಸಂಶೋಧನಾ ವಿಧಾನ. ವಿದ್ಯಾರ್ಥಿಗಳು ಇವನ್ನು ಪದವಿಗೆ ಹೊರಗಿನಿಂದ ತಂದು ಸೇರಿಸಿದ ಅಡ್ಡಿಗಳೆಂದು ತಿಳಿಯುವುದುಂಟು. ನನ್ನ ಅಭಿಪ್ರಾಯದಲ್ಲಿ ಪದವಿ ಎಂದರೆ ಮುಖ್ಯವಾಗಿ ಇವೇ. ಉಳಿದ ಶಾಖೆಗಳು ಇವುಗಳ ಬಲದಿಂದ ದೊರೆತ ಫಲಗಳು. 1879ರಲ್ಲಿ ವಿಲ್ಹೆಲ್ಮ್ ವುಂಟ್ ಲೈಪ್‌ಜಿಗ್‌ನಲ್ಲಿ ಪ್ರಯೋಗಶಾಲೆಯನ್ನು ತೆರೆದುದನ್ನೇ ಮನಃಶಾಸ್ತ್ರ ಸ್ವತಂತ್ರ ವಿಜ್ಞಾನವಾಗಿ ನಿಂತ ಗಳಿಗೆಯೆಂದು ಗುರುತಿಸುವುದು ವಾಡಿಕೆ. ಮನಸ್ಸಿನ ಬಗ್ಗೆ ಅದಕ್ಕೂ ಮೊದಲು ಸಾವಿರಾರು ವರ್ಷ ಆಳವಾದ ಚಿಂತನೆ ನಡೆದಿತ್ತು. ಹೊಸದಾಗಿ ಬಂದದ್ದು ಅಳತೆ. ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಉರುಹೊಡೆದು, ಎಷ್ಟು ಹೊತ್ತಿನ ನಂತರ ಎಷ್ಟು ಮರೆಯುತ್ತದೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದಾಗ, ಮರೆವಿನಂಥ ಅಮೂರ್ತ ಸಂಗತಿಯನ್ನೂ ರೇಖಾಚಿತ್ರದಲ್ಲಿ ತೋರಿಸಬಹುದೆಂಬುದು ಸಾಬೀತಾಯಿತು.

ನೀವು ಆಪ್ತ ಸಮಾಲೋಚಕಿಯಾಗಬೇಕೆಂದಿರುವುದರಿಂದ ಆ ಕ್ಷೇತ್ರದ್ದೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಖಿನ್ನತೆಯಿಂದ ಬಳಲುವ 50 ಮಂದಿ ನಿಮ್ಮ ಬಳಿ ಬಂದರು, ಆರು ವಾರ ನಿಮ್ಮೊಡನೆ ಮಾತನಾಡಿದರು, ಕೊನೆಯಲ್ಲಿ 30 ಮಂದಿ ಮೊದಲಿಗಿಂತ ಉತ್ತಮವಾಗಿದ್ದಾರೆ ಎಂದಿಟ್ಟುಕೊಳ್ಳಿ. ನಿಮ್ಮ ಮಾತು ಫಲ ಕೊಟ್ಟಿತೆಂದು ಹೇಳಬಹುದೇ? ಜನರು ನೆರವು ಕೋರಿ ಬರುವುದು ಸಾಮಾನ್ಯವಾಗಿ ಸಂಕಟ ತೀರಾ ಹೆಚ್ಚಿರುವಾಗ. ಅಂಥ ಗಳಿಗೆಯಿಂದ ಮುಂದಕ್ಕೆ ಅಳೆದರೆ, ಯಾರೂ ಏನೂ ಮಾಡದಿದ್ದರೂ ಹಲವರ ಸ್ಥಿತಿ ತಮ್ಮ ಸರಾಸರಿಯ ಕಡೆಗೆ ಹಿಂದಿರುಗುತ್ತದೆ. ಜೊತೆಗೆ ಯಾರೋ ಕೇಳುತ್ತಿದ್ದಾರೆ ಎಂಬ ಭರವಸೆಯೇ ಕೆಲವರನ್ನು ಮೇಲೆತ್ತುತ್ತದೆ, ನಡುವೆ ಬರುವುದನ್ನು ನಿಲ್ಲಿಸಿದವರು ಲೆಕ್ಕದಿಂದಲೇ ಜಾರಿಹೋಗುತ್ತಾರೆ. ಸಮಾಲೋಚನೆ ದೊರೆಯದ, ಉಳಿದೆಲ್ಲ ರೀತಿಯಲ್ಲಿ ಇವರನ್ನೇ ಹೋಲುವ ನಿಯಂತ್ರಣ ಗುಂಪೊಂದು ಇಲ್ಲದಿದ್ದರೆ, ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ಚೀಟಿ ಎತ್ತುವಂತೆ ಯಾದೃಚ್ಛಿಕವಾಗಿ ನಿರ್ಧರಿಸದಿದ್ದರೆ, ಎರಡು ಗುಂಪುಗಳ ನಡುವಿನ ವ್ಯತ್ಯಾಸ ಆಕಸ್ಮಿಕವಾಗಿ ಬಂದಿರಬಹುದಾದುದಕ್ಕಿಂತ ದೊಡ್ಡದೇ ಎಂದು ಪರೀಕ್ಷಿಸದಿದ್ದರೆ, 30 ಎಂಬ ಆ ಅಂಕಿ ನಿಮಗೆ ಸಂತೋಷ ಕೊಡಬಹುದೇ ಹೊರತು ತಿಳಿವಳಿಕೆ ಕೊಡಲಾರದು. ಸಂಶೋಧನಾ ವಿಧಾನದ ಪಾಠ ಕಲಿಸುವುದು ಇದನ್ನೇ.

ಸಂಖ್ಯಾಶಾಸ್ತ್ರಕ್ಕೂ ಒಂದು ಉದಾಹರಣೆ. ಒಂದು ತೊಂದರೆ ನೂರರಲ್ಲಿ ಇಬ್ಬರಿಗೆ ಇದೆ. ಅದನ್ನು ಪತ್ತೆಹಚ್ಚುವ ಪ್ರಶ್ನಾವಳಿ, ತೊಂದರೆ ಇರುವವರಲ್ಲಿ ಶೇ. 90ರಷ್ಟು ಮಂದಿಯನ್ನು ಸರಿಯಾಗಿ ಗುರುತಿಸುತ್ತದೆ, ಇಲ್ಲದವರಲ್ಲಿ ಶೇ. 90ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಸಾವಿರ ಜನರಿಗೆ ಇದನ್ನು ಕೊಟ್ಟರೆ ತೊಂದರೆಯಿರುವ 20 ಮಂದಿಯಲ್ಲಿ 18 ಮಂದಿ ಸಿಕ್ಕುತ್ತಾರೆ. ಉಳಿದ 980 ಮಂದಿಯಲ್ಲಿ 98 ಮಂದಿಗೆ ತೊಂದರೆ ಇಲ್ಲದಿದ್ದರೂ ಇದೆಯೆಂಬ ಫಲಿತಾಂಶ ಬರುತ್ತದೆ. ಹೀಗೆ ಗುರುತಿಸಲ್ಪಟ್ಟ 116 ಮಂದಿಯಲ್ಲಿ ನಿಜವಾಗಿ ತೊಂದರೆಯಿರುವವರು ಆರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಈ ಲೆಕ್ಕವನ್ನು ಅರಿಯದ ಸಮಾಲೋಚಕಿ ಎದುರಿಗೆ ಕುಳಿತ ಆರೋಗ್ಯವಂತನಿಗೆ, ಅತ್ಯಂತ ಸಹಾನುಭೂತಿಯಿಂದಲೇ, ನಿನಗೆ ಕಾಯಿಲೆಯಿದೆ ಎಂದು ಹೇಳಿಬಿಡಬಹುದು. ಇಲ್ಲಿ ಬಳಸಿದ ಗಣಿತವಾದರೂ ಯಾವುದು? ಗುಣಾಕಾರ, ಸಂಕಲನ, ಭಾಗಾಕಾರ. ಪದವಿ ಮಟ್ಟದಲ್ಲಿ ನೀವು ಎದುರಿಸುವುದು ಸರಾಸರಿ, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆಯೆಂದು ಹೇಳುವ ಮಾನಕ ವಿಚಲನೆ, ಎರಡು ಸಂಗತಿಗಳು ಎಷ್ಟರಮಟ್ಟಿಗೆ ಜೊತೆಯಾಗಿ ಬದಲಾಗುತ್ತವೆಂದು ತೋರಿಸುವ ಸಹಸಂಬಂಧ, ಎರಡು ಅಥವಾ ಹೆಚ್ಚು ಗುಂಪುಗಳನ್ನು ಹೋಲಿಸುವ ಪರೀಕ್ಷೆಗಳು, ಸರಳ ಮಟ್ಟದ ಸಂಭವನೀಯತೆ. ಕಲನಶಾಸ್ತ್ರದ ಗೊಡವೆ ಸಾಮಾನ್ಯವಾಗಿ ಇರುವುದಿಲ್ಲ. ದೊಡ್ಡ ಲೆಕ್ಕಗಳನ್ನು ಎಸ್‌ಪಿಎಸ್‌ಎಸ್, ಆರ್ ಮೊದಲಾದ ಗಣಕ ತಂತ್ರಾಂಶಗಳು ಮಾಡುತ್ತವೆ; ಯಾವ ಲೆಕ್ಕವನ್ನು ಏಕೆ ಮಾಡಬೇಕು, ಬಂದ ಉತ್ತರ ಏನನ್ನು ಹೇಳುತ್ತಿಲ್ಲ ಎಂಬುದನ್ನು ಮಾತ್ರ ನೀವೇ ತಿಳಿದಿರಬೇಕು.

ಗಣಿತದ ಭಯವುಳ್ಳವರು ಮಾಡುವ ಸಾಮಾನ್ಯ ತಪ್ಪೆಂದರೆ ಈ ಪಾಠಗಳನ್ನು ಕೊನೆಯ ವರ್ಷದವರೆಗೆ ಮುಂದೂಡುವುದು. ಸಂಖ್ಯಾಶಾಸ್ತ್ರ ಮುಗಿಯದೆ ಸಂಶೋಧನಾ ವಿಧಾನಕ್ಕೆ, ಅದು ಮುಗಿಯದೆ ಪ್ರಯೋಗಶಾಲೆಯ ಮೇಲ್ಮಟ್ಟದ ಪಾಠಗಳಿಗೆ, ಅವು ಮುಗಿಯದೆ ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಪ್ರವೇಶವಿಲ್ಲವೆಂಬ ಕ್ರಮ ಹಲವೆಡೆ ಇದೆ. ಮೊದಲ ಕೊಂಡಿಯನ್ನು ತಡಮಾಡಿದವರ ಪದವಿಯೇ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಹಿಂದೆ ಬೀಳುತ್ತದೆ. ಆಯ್ಕೆಯ ಸ್ವಾತಂತ್ರ್ಯವಿದ್ದರೆ ಪ್ರವೇಶಿಕೆಯ ಪಾಠ ಮುಗಿದ ಮರು ಸೆಮಿಸ್ಟರಿನಲ್ಲೇ ಸಂಖ್ಯಾಶಾಸ್ತ್ರವನ್ನು ತೆಗೆದುಕೊಳ್ಳಿ, ಅದೇ ಅವಧಿಯಲ್ಲಿ ಬೇರೆ ಕಠಿಣ ವಿಷಯಗಳನ್ನು ಹೇರಿಕೊಳ್ಳಬೇಡಿ.

ಅಂತಿಮ ಪ್ರಾಜೆಕ್ಟ್ ಎಲ್ಲ ಕಡೆ ಕಡ್ಡಾಯವಲ್ಲ, ಆದರೆ ಇರುವಲ್ಲಿ ಅದರ ತೂಕ ದೊಡ್ಡದು. ಬ್ರಿಟನ್ನಿನ ಮನಃಶಾಸ್ತ್ರಜ್ಞರ ವೃತ್ತಿಸಂಸ್ಥೆಯಾದ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ ಮಾನ್ಯತೆಯುಳ್ಳ ಪದವಿಗಳಲ್ಲಿ ವಿದ್ಯಾರ್ಥಿ ಸ್ವತಃ ದತ್ತಾಂಶ ಆಧರಿಸಿದ ಸಂಶೋಧನಾ ಪ್ರಾಜೆಕ್ಟ್ ಮಾಡಿ ಉತ್ತೀರ್ಣನಾಗದಿದ್ದರೆ, ಮುಂದಿನ ವೃತ್ತಿಶಿಕ್ಷಣಕ್ಕೆ ಬೇಕಾದ ಅರ್ಹತೆ ಆ ಪದವಿಯಿಂದ ದೊರೆಯುವುದಿಲ್ಲ. ಪ್ರಶ್ನೆಯೊಂದನ್ನು ರೂಪಿಸಿ, ಹಿಂದಿನವರು ಬರೆದುದನ್ನು ಓದಿ, ನೈತಿಕ ಪರಿಶೀಲನಾ ಸಮಿತಿಯ ಒಪ್ಪಿಗೆ ಪಡೆದು, ಭಾಗವಹಿಸುವವರಿಗೆ ವಿಷಯ ತಿಳಿಸಿ ಅವರ ಸಮ್ಮತಿ ಪಡೆದು, ದತ್ತಾಂಶ ಸಂಗ್ರಹಿಸಿ, ವಿಶ್ಲೇಷಿಸಿ, ನಿಗದಿತ ಶೈಲಿಯಲ್ಲಿ ವರದಿ ಬರೆಯುವ ಈ ಕೆಲಸದಲ್ಲಿ ಮೂರು ವರ್ಷಗಳ ಓದು ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತದೆ.

ನೈತಿಕ ಸಮಿತಿಯ ಒಪ್ಪಿಗೆ ಬರಿಯ ಔಪಚಾರಿಕತೆಯಲ್ಲ ಎಂಬುದಕ್ಕೆ ಈ ಶಾಸ್ತ್ರದ ಇತಿಹಾಸವೇ ಸಾಕ್ಷಿ. ಸ್ಟ್ಯಾನ್ಲಿ ಮಿಲ್‌ಗ್ರಾಂ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿರುವ ವ್ಯಕ್ತಿಗೆ ತಾವು ನಿಜವಾಗಿಯೂ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿಸಲ್ಪಟ್ಟಿದ್ದ 40 ಮಂದಿಯಲ್ಲಿ 26 ಮಂದಿ, ಪ್ರಯೋಗಕಾರನ ಆಜ್ಞೆಯ ಮೇರೆಗೆ ಕೊನೆಯ 450 ವೋಲ್ಟ್‌ನವರೆಗೂ ಹೋದರು. ಆಜ್ಞಾಪಾಲನೆಯ ಬಗ್ಗೆ ಅದು ತಿಳಿಸಿದ್ದು ಬಹಳ. ಭಾಗವಹಿಸಿದವರು ಅನುಭವಿಸಿದ ತಳಮಳವನ್ನು ಕುರಿತು ಎದ್ದ ಚರ್ಚೆಯೂ ಅಷ್ಟೇ ಮುಖ್ಯ. ಇಂದು ವಿದ್ಯಾರ್ಥಿಯ ಚಿಕ್ಕ ಪ್ರಶ್ನಾವಳಿಗೂ ಅನುಮತಿ ಬೇಕಾಗಿರುವುದರ ಹಿಂದೆ ಅಂಥ ಚರ್ಚೆಗಳಿವೆ.

ಇನ್ನು ಮುಖ ನೋಡಿ ಮನಸ್ಸನ್ನು ಓದುವ ನಿಮ್ಮ ಶಕ್ತಿಯ ವಿಚಾರ. ನಿಮ್ಮನ್ನು ನೋಯಿಸುವ ಉದ್ದೇಶ ನನಗಿಲ್ಲ, ಆದರೆ ಪದವಿ ಮೊದಲು ಅಲುಗಾಡಿಸುವುದು ಈ ಬಗೆಯ ವಿಶ್ವಾಸವನ್ನೇ. ಎದುರಿನವರು ಹೇಳುತ್ತಿರುವುದು ನಿಜವೋ ಸುಳ್ಳೋ ಎಂಬುದನ್ನು ಜನ ಎಷ್ಟರಮಟ್ಟಿಗೆ ಗುರುತಿಸಬಲ್ಲರೆಂದು ಪರೀಕ್ಷಿಸಿದ ಇನ್ನೂರಕ್ಕೂ ಹೆಚ್ಚು ವರದಿಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸರಿಯಾದ ಉತ್ತರಗಳ ಸರಾಸರಿ ಸುಮಾರು ಶೇ. 54, ನಾಣ್ಯ ಚಿಮ್ಮಿಸಿದ್ದರೂ 50 ಸರಿಯಾಗುತ್ತಿತ್ತು. ನಮ್ಮ ಊಹೆ ನಿಜವಾದ ಸಂದರ್ಭಗಳು ನೆನಪಿನಲ್ಲಿ ಉಳಿಯುತ್ತವೆ, ತಪ್ಪಿದವು ಮರೆತುಹೋಗುತ್ತವೆ. ತಾಳ್ಮೆಯಿಂದ ಕೇಳುವ ನಿಮ್ಮ ಗುಣ ಮಾತ್ರ ನಿಜಕ್ಕೂ ಬೆಲೆಯುಳ್ಳದ್ದು, ಅದನ್ನು ಉಳಿಸಿಕೊಳ್ಳಿ.

ಮನಃಶಾಸ್ತ್ರ ಈ ಸಂಶಯವನ್ನು ತನ್ನ ಮೇಲೆಯೂ ಪ್ರಯೋಗಿಸಿಕೊಂಡಿದೆ. 2015ರಲ್ಲಿ ಸಂಶೋಧಕರ ದೊಡ್ಡ ತಂಡವೊಂದು ಹೆಸರಾಂತ ನಿಯತಕಾಲಿಕೆಗಳಲ್ಲಿ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮರಳಿ ಮಾಡಿ ನೋಡಿದಾಗ, ಮೂಲದಲ್ಲಿ ಬಹುತೇಕ ಎಲ್ಲವೂ ಸಾರ್ಥಕ, ಅಂದರೆ ಬರಿಯ ಆಕಸ್ಮಿಕವೆಂದು ತಳ್ಳಿಹಾಕಲಾಗದ, ಫಲಿತಾಂಶ ತೋರಿಸಿದ್ದರೂ, ಮರುಪ್ರಯೋಗದಲ್ಲಿ ಹಾಗೆ ತೋರಿಸಿದವು ಶೇ. 36 ಮಾತ್ರ. ಇದರಿಂದ ಶಾಸ್ತ್ರವೇ ಸುಳ್ಳೆಂದು ತೀರ್ಮಾನಿಸಿದವರೂ ಇದ್ದಾರೆ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ತನ್ನ ಫಲಿತಾಂಶಗಳನ್ನು ಹೀಗೆ ಬಹಿರಂಗವಾಗಿ ಮರುಪರೀಕ್ಷಿಸಿಕೊಂಡ ಶಾಸ್ತ್ರದಲ್ಲಿ ಪದವಿ ಪಡೆಯುವವರಿಗೆ ಸಂಖ್ಯಾಶಾಸ್ತ್ರವನ್ನು ಬಿಟ್ಟುಕೊಡುವುದು ಇನ್ನಷ್ಟು ಅಸಾಧ್ಯವಾಗಿದೆ ಎಂಬುದಷ್ಟೇ ಇದರಿಂದ ತಿಳಿಯಬೇಕಾದದ್ದು.

ಬಿ.ಎ. ಮಾಡಲೇ, ಬಿ.ಎಸ್‌ಸಿ. ಮಾಡಲೇ ಎಂದೂ ಒಂದೆಡೆ ಕೇಳಿದ್ದೀರಿ. ಎರಡೂ ದೊರೆಯುವಲ್ಲಿ ಸಾಮಾನ್ಯವಾಗಿ ಬಿ.ಎಸ್‌ಸಿ.ಯಲ್ಲಿ ವಿಜ್ಞಾನ ಮತ್ತು ಪ್ರಯೋಗಶಾಲೆಯ ಪಾಠಗಳು, ಬಿ.ಎ.ಯಲ್ಲಿ ಭಾಷೆ ಮತ್ತು ಮಾನವಿಕಗಳ ಪಾಠಗಳು ಹೆಚ್ಚಿರುತ್ತವೆ. ಸ್ನಾತಕೋತ್ತರ ಪ್ರವೇಶದ ವೇಳೆ ಪದವಿಯ ಹೆಸರಿಗಿಂತ ಅಂಕಪಟ್ಟಿಯಲ್ಲಿ ಯಾವ ವಿಷಯಗಳಿವೆ ಎಂಬುದನ್ನು ನೋಡುವುದೇ ಹೆಚ್ಚು. ಆ ಆಯ್ಕೆಯ ಬಗ್ಗೆ ನಿದ್ದೆಗೆಡಬೇಕಾಗಿಲ್ಲ.

ಮೂರನೆಯ ಪ್ರಶ್ನೆಗೆ ಬರುತ್ತೇನೆ. ಮೂರು ಅಥವಾ ನಾಲ್ಕು ವರ್ಷದ ಈ ಪದವಿ ಯಾರನ್ನೂ ಚಿಕಿತ್ಸಕರನ್ನಾಗಿ ಮಾಡುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಸ್ವತಂತ್ರವಾಗಿ ವೃತ್ತಿ ನಡೆಸುವ ಮನಃಶಾಸ್ತ್ರಜ್ಞರಿಗೆ ಡಾಕ್ಟರೇಟ್ ಬೇಕು. ಯುರೋಪಿನ ಸಾಮಾನ್ಯ ವೃತ್ತಿ ಪ್ರಮಾಣಪತ್ರವಾದ ಯುರೋಸೈಗೆ ವಿಶ್ವವಿದ್ಯಾಲಯದ ಐದು ವರ್ಷಗಳ ಓದಿನ ಮೇಲೆ ಒಂದು ವರ್ಷ ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿರಬೇಕು. ಆಪ್ತ ಸಮಾಲೋಚನೆಗೆ ಕೆಲವು ದೇಶಗಳಲ್ಲಿ ಕಾನೂನಿನ ಬಿಗಿ ಕಡಿಮೆಯಿರಬಹುದು, ಫಲಕ ತೂಗುಹಾಕುವುದನ್ನು ಯಾರೂ ತಡೆಯದಿರಬಹುದು. ಆದರೆ ಆತ್ಮಹತ್ಯೆಯ ಯೋಚನೆಯಲ್ಲಿರುವ ವ್ಯಕ್ತಿ ಎದುರಿಗೆ ಬಂದು ಕುಳಿತಾಗ ಏನು ಮಾಡಬೇಕೆಂಬುದನ್ನು ಪದವಿಯ ಪಠ್ಯ ನಿಮಗೆ ಕಲಿಸಿರುವುದಿಲ್ಲ, ಅದಕ್ಕೆ ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿಯೇ ಬೇಕು. ಔಷಧಿ ಬರೆಯುವ ಮನೋವೈದ್ಯರ ದಾರಿ ಇದರಿಂದ ಸಂಪೂರ್ಣ ಬೇರೆ. ಅದು ವೈದ್ಯಕೀಯ ಪದವಿಯಿಂದ ಆರಂಭವಾಗುತ್ತದೆ. ಹಾಗೆಂದು ಈ ಪದವಿಯಷ್ಟರಿಂದಲೇ ಕೆಲಸ ಸಿಕ್ಕುವುದಿಲ್ಲವೆಂದಲ್ಲ. ಮಾನವ ಸಂಪನ್ಮೂಲ, ಸಮಾಜಸೇವಾ ಸಂಸ್ಥೆಗಳು, ಮಾರುಕಟ್ಟೆ ಸಂಶೋಧನೆ, ದತ್ತಾಂಶ ವಿಶ್ಲೇಷಣೆ ಇವುಗಳಲ್ಲಿ ಅವಕಾಶಗಳಿವೆ, ಮತ್ತು ಅಲ್ಲಿ ಕೈಹಿಡಿಯುವುದು ಹೆಚ್ಚಾಗಿ ನೀವು ತಪ್ಪಿಸಿಕೊಳ್ಳಬೇಕೆಂದಿದ್ದ ಆ ಎರಡು ವಿಷಯಗಳೇ.

ಅರ್ಜಿ ಹಾಕುವ ಮೊದಲು ವಿಭಾಗದಿಂದ ಪೂರ್ಣ ಪಠ್ಯಕ್ರಮವನ್ನು ತರಿಸಿಕೊಂಡು ಓದಿ. ಸಂಶೋಧನಾ ವಿಧಾನಕ್ಕೆ ಪ್ರಯೋಗಶಾಲೆಯ ಗಂಟೆಗಳಿವೆಯೇ, ಅಂತಿಮ ಪ್ರಾಜೆಕ್ಟ್ ಇದೆಯೇ, ನೀವು ಮುಂದೆ ಸೇರಬೇಕೆಂದಿರುವ ಸ್ನಾತಕೋತ್ತರ ಕೋರ್ಸು ಈ ಪದವಿಯನ್ನು ಒಪ್ಪುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ದೂರಶಿಕ್ಷಣದ ಪದವಿಯಾದರೆ ಇವುಗಳಲ್ಲಿ ಕೊನೆಯ ಪ್ರಶ್ನೆಯನ್ನು ಮೊದಲು ಕೇಳಿ.

– ಸಂಪಾದಕ