‘ಇದ್ಯಾರ ರಕ್ತ?’ ಅಂದಳು ನಾದಿನಿ

ಪ್ರಶ್ನೆ: ತವರು ಆಳಂದ ತಾಲ್ಲೂಕು, ಮದುವೆಯಾಗಿ ಕಲಬುರಗಿಯಲ್ಲಿದ್ದೇನೆ. ಮಗಳಿಗೆ ಆರು ವರ್ಷ. ಡೆಂಗಿ ಬಂದಾಗ ರಕ್ತ ಪರೀಕ್ಷೆ ಮಾಡಿಸಿದೆವು, ಓ ಪಾಸಿಟಿವ್ ಅಂತ ಬಂತು. ನನ್ನದು ಎ, ಯಜಮಾನರದು ಬಿ. “ಅಪ್ಪಂದೂ ಅಲ್ಲ, ಅವ್ವಂದೂ ಅಲ್ಲ, ಇದ್ಯಾರ ರಕ್ತ?” ಅಂದಳು ನಾದಿನಿ. ಅತ್ತೆ ಹೂಂಗುಟ್ಟಿದರು. ಹೋದ ವರ್ಷ ಅವರ ಆಪರೇಷನ್‌ಗೆ ಓ ಗುಂಪಿನ ರಕ್ತಕ್ಕಾಗಿ ಅಲೆದವಳು ನಾನೇ. ಯಜಮಾನರು ಏನೂ ಅನ್ನಲಿಲ್ಲ, ಆದರೆ ಮಗಳನ್ನು ಬೈಕ್ ಮೇಲೆ ಕೂಡಿಸಿಕೊಳ್ಳುವುದು ಬಿಟ್ಟಿದ್ದಾರೆ. ಡಿಎನ್‌ಎ ಪರೀಕ್ಷೆಗೆ ನಾನೇ ಮುಂದಾಗಲೇ?

ಉತ್ತರ: ಬೇಡ ತಂಗಿ. ಉತ್ತರ ನಿಮ್ಮ ಪತ್ರದಲ್ಲೇ ಇದೆ.

ಚೀಟಿಯಲ್ಲಿ ಬರುವುದು ಎ ಅಥವಾ ಬಿ ಅಂತ ಒಂದೇ ಅಕ್ಷರ. ಮೈಯೊಳಗೆ ಎರಡು ಪಾಲು ಇರುತ್ತವೆ, ಅಪ್ಪನದೊಂದು, ಅವ್ವನದೊಂದು. ಎ ಜೊತೆ ಓ ಇದ್ದರೂ ಚೀಟಿ ಹೇಳುವುದು ಎ ಅಂತಲೇ. ಬಿ ಜೊತೆಗಿದ್ದರೂ ಅದೇ ಕತೆ. ಎರಡೂ ಕಡೆಯಿಂದ ಓ ಬಂದರೆ ಮಾತ್ರ ಅದು ಹೊರಗೆ ಕಾಣುತ್ತದೆ. ಹೀಗೆ ಓ ಅಡಗಿಸಿಕೊಂಡ ಎ–ಬಿ ದಂಪತಿಗೆ ಪ್ರತಿ ಹೆರಿಗೆಯಲ್ಲೂ ಓ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು.

ತೊಗರಿ ನಾಡಿನವರಿಗೆ ಕಾಳಿನ ಲೆಕ್ಕ ಬೇಗ ಹತ್ತುತ್ತದೆ. ಮೆಂಡೆಲ್ ಎಂಬ ಪಾದ್ರಿ ನೇರಳೆ ಹೂವಿನ ಬಟಾಣಿಗೂ ಬಿಳಿ ಹೂವಿನ ಬಟಾಣಿಗೂ ಕೂಡಿಸಿದ. ಮೊದಲ ಪೀಳಿಗೆಯಲ್ಲಿ ಬಿಳಿ ಒಂದೂ ಇಲ್ಲ. ಅವುಗಳ ಕಾಳು ಬಿತ್ತಿದಾಗ ಅಡಗಿದ್ದ ಬಿಳಿ ಹೊರಬಂತು: 705 ನೇರಳೆ, 224 ಬಿಳಿ, ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು. 1866ರಲ್ಲೇ ಅಚ್ಚಾದ ಲೆಕ್ಕವಿದು. ನಿಮ್ಮ ನಾದಿನಿಗೆ ಇನ್ನೂ ತಲುಪಿಲ್ಲ.

ಈಗ ಅತ್ತೆಯವರ ವಿಷಯ. ಅವರದು ಓ, ಅಂದರೆ ಎರಡು ಪಾಲೂ ಓ. ಮಗನಿಗೆ ಕೊಡಲು ಅವರ ಹತ್ತಿರ ಬೇರೆ ಇರಲೇ ಇಲ್ಲ. ಯಜಮಾನರ ಬಿ ಮಾವನವರದು, ಒಳಗಡೆಯ ಓ ಅತ್ತೆಯದು. ಮೊಮ್ಮಗಳಿಗೆ ಇಳಿದದ್ದು ಅದೇ. ಇನ್ನೊಂದು ಓ ನಿಮ್ಮ ತವರಿನದು. ರಕ್ತದ ಗುಂಪಿನಿಂದ ತಂದೆ ಯಾರೆಂದು ಸಾಬೀತಾಗುವುದಿಲ್ಲ, ನಿಜ. ಆದರೆ ನಿಮ್ಮ ಮೇಲೆ ಅನುಮಾನ ಪಡಲು ಈ ಚೀಟಿಯಲ್ಲಿ ಏನೂ ಇಲ್ಲ.

ಇಷ್ಟಾದ ಮೇಲೂ ಡಿಎನ್‌ಎ ಅಂದರೆ ತಪ್ಪು ಒಪ್ಪಿಕೊಂಡಂತೆ ಕಾಣುತ್ತದೆ. ಸೀತೆಗೂ ಒಂದೇ ಪರೀಕ್ಷೆಗೆ ಮುಗಿಯಲಿಲ್ಲ.

ನನಗೆ ನಾದಿನಿಯ ನಾಲಿಗೆಗಿಂತ ಯಜಮಾನರ ಬೈಕಿನದೇ ಚಿಂತೆ. ಆರು ವರ್ಷದ ಹುಡುಗಿಗೆ ಅದು ಗೊತ್ತಾಗದೆ ಇರುತ್ತದೆಯೇ? ಇದನ್ನು ಅಡುಗೆಮನೆಯ ಜಗಳ ಮಾಡಬೇಡಿ. ಮಗಳಿಗೆ ನೋಡಿದ ಮಕ್ಕಳ ಡಾಕ್ಟರ ಹತ್ತಿರ ಯಜಮಾನರನ್ನೇ ಕರೆದೊಯ್ಯಿರಿ, ಡಾಕ್ಟರ ಬಾಯಿಂದಲೇ ಕೇಳಲಿ. ಆಮೇಲೆ ಅವ್ವನಿಗೂ ತಂಗಿಗೂ ಹೇಳಬೇಕಾದವರು ಯಜಮಾನರು, ನೀವಲ್ಲ. ಹೋಗುವಾಗ ಮೂವರ ಚೀಟಿಯ ಜೊತೆ ಅತ್ತೆಯ ಆಪರೇಷನ್ ಕಾಗದವನ್ನೂ ಮರೆಯದೆ ಒಯ್ಯಿರಿ.